ತುಕ್ಕು ಹಿಡಿದ ತೋಪಡವನ್ನು ಮತ್ತೆ ಕೆಲಸಕ್ಕೆ ಹಚ್ಚುವುದು ಹೇಗೆ

ಗುಜರಿ ಅಂಗಡಿಯಲ್ಲಿ ಮುರಿದ ಫ್ಯಾನಿನ ರೆಕ್ಕೆ, ಹಳೆ ಬೋಲ್ಟುಗಳ ರಾಶಿಯ ಅಡಿಗೆ ಅದು ಬಿದ್ದಿತ್ತು. ಒಂದು ಗೇಣುದ್ದದ ಕಬ್ಬಿಣದ ತೋಪಡ, ಬಡಗಿಗಳು ಹಲಗೆ ಕೀಸಿ ನಯ ಮಾಡುವ ಸಾಧನ. ಮೈತುಂಬ ಇಟ್ಟಿಗೆ ಬಣ್ಣದ ತುಕ್ಕು. ಅಂಗಡಿಯವರು ಹಿಂದೆಮುಂದೆ ನೋಡದೆ ತಕ್ಕಡಿಗೆ ಹಾಕಿದರು. ಒಂದೂಮುಕ್ಕಾಲು ಕಿಲೋ ಹತ್ತಿರ ತೂಗಿತು. ಕಬ್ಬಿಣದ ರೇಟು ಕೊಟ್ಟು ಮನೆಗೆ ತಂದೆ.

ಅದು ನನ್ನ ಎರಡನೇ ತೋಪಡ. ಮೊದಲನೆಯದನ್ನು ಎರಡು ವಾರ ಉಜ್ಜಿ ಕನ್ನಡಿಯ ಹಾಗೆ ಮಾಡಿದ್ದೆ. ಫೋಟೋ ತೆಗೆದು ಎಲ್ಲರಿಗೂ ಕಳಿಸಿದ್ದೆ. ಹಲಗೆಯ ಮೇಲಿಟ್ಟು ತಳ್ಳಿದರೆ ಮಾತ್ರ ಕೀಸುವ ಬದಲು ಕೆರೆಯುತ್ತಿತ್ತು. ನಮ್ಮ ಬೀದಿಯ ಬಡಗಿಯೊಬ್ಬರು ಅದನ್ನು ಕೈಗೆ ತೆಗೆದುಕೊಂಡು, ಅಲಗಿನ ಅಂಚನ್ನು ಹೆಬ್ಬೆರಳಿಂದ ಮೆಲ್ಲಗೆ ಸವರಿ, "ಮದುಮಗನ ಹಾಗಿದೆ, ಕೆಲಸ ಏನ್ ಮಾಡತ್ತೆ?" ಎಂದು ಕೇಳಿದರು.

ಅವರು ತೋರಿಸಿಕೊಟ್ಟದ್ದು ಇಷ್ಟು. ತೋಪಡದಲ್ಲಿ ಲೆಕ್ಕಕ್ಕೆ ಬರುವ ಜಾಗ ಮೂರೇ: ಅಲಗಿನ ಅಂಚು, ಅಲಗಿನ ಮೇಲೆ ಕೂರುವ ಕ್ಯಾಪ್ ಐರನ್ನಿನ ತುದಿ, ತಳದಲ್ಲಿ ಬಾಯಿಯ, ಅಂದರೆ ಅಲಗು ಹೊರಗೆ ಇಣುಕುವ ಸಂದಿನ, ಸುತ್ತಮುತ್ತ. ಉಳಿದ ಕಡೆ ತುಕ್ಕು ಮತ್ತೆ ಹರಡದಿದ್ದರೆ ಸಾಕು. ಎರಡನೇ ತೋಪಡಕ್ಕೆ ನನಗೆ ಹಿಡಿದದ್ದು ಒಂದು ಶನಿವಾರ, ಒಂದು ಭಾನುವಾರ.

ಇಲ್ಲಿ ಹೇಳುತ್ತಿರುವುದು ಬೈಲಿ ಮಾದರಿಯ ಕಬ್ಬಿಣದ ತೋಪಡದ ಬಗ್ಗೆ. ಬೆಣೆ ಹೊಡೆದು ಅಲಗು ಕೂರಿಸುವ ಮರದ ತೋಪಡದ ಕತೆ ಬೇರೆ. ಅಮೆರಿಕದ ಲಿಯೊನಾರ್ಡ್ ಬೈಲಿ ಈ ಮಾದರಿಯನ್ನು ರೂಪಿಸಿದ. 1869ರಲ್ಲಿ ಸ್ಟ್ಯಾನ್ಲಿ ಕಂಪನಿ ಅವನ ವ್ಯವಹಾರವನ್ನು ಕೊಂಡಿತು. ಮುಂದೆ ಇಂಗ್ಲೆಂಡಿನ ಶೆಫೀಲ್ಡಿನಲ್ಲಿ ರೆಕಾರ್ಡ್, ನಮ್ಮ ದೇಶದಲ್ಲಿ ಅನಂತ್ ಹೀಗೆ ಹಲವರು ಅದೇ ಅಚ್ಚಿನಲ್ಲಿ ಮಾಡಿದರು. ಹಾಗಾಗಿ ನಿಮ್ಮ ಕೈಯಲ್ಲಿ ಯಾವ ಹೆಸರಿನದಿದ್ದರೂ ಒಳಗಿನ ಜೋಡಣೆ ಬಹುತೇಕ ಒಂದೇ. 4ನೇ ನಂಬರಿನದು ಸುಮಾರು 9 ಇಂಚು ಉದ್ದ, 5ನೇ ನಂಬರಿನದು 14 ಇಂಚು. ಎರಡಕ್ಕೂ ಅಲಗು 2 ಇಂಚು ಅಗಲ. ಮೊದಲ ಸಲಕ್ಕೆ ಇವೆರಡರಲ್ಲಿ ಒಂದು ಸಿಕ್ಕರೆ ಒಳ್ಳೆಯದು.

ಕೊಳ್ಳುವ ಮುಂಚೆ

ತುಕ್ಕಿಗೆ ಹೆದರಬೇಡಿ, ಬಿರುಕಿಗೆ ಹೆದರಿ. ತೋಪಡದ ಮೈ ಬೀಡು ಕಬ್ಬಿಣದ್ದು. ಬೀಡು ಬಾಗುವುದಿಲ್ಲ, ಒಡೆಯುತ್ತದೆ. ಸೊಂಟದೆತ್ತರದಿಂದ ಸಿಮೆಂಟು ನೆಲಕ್ಕೆ ಬಿದ್ದರೆ ಮುಗಿಯಿತು. ಬಾಯಿಯ ನಾಲ್ಕು ಮೂಲೆ, ಎರಡೂ ಬದಿಯ ಕೆನ್ನೆಗಳು, ಹಿಂದಿನ ಹಿಡಿಯ ಬುಡ ಇಷ್ಟನ್ನು ಬಿಸಿಲಿಗೆ ಹಿಡಿದು ನೋಡಿ. ಕೂದಲೆಳೆಯಂಥ ಗೆರೆ ಕಂಡರೆ ಉಗುರಿಂದ ಕೆರೆಯಿರಿ. ಉಗುರು ಸಿಕ್ಕಿಕೊಂಡರೆ ವಾಪಸ್ ಇಟ್ಟುಬಿಡಿ.

ಆಮೇಲೆ ಬಿಡಿಭಾಗ ಎಲ್ಲ ಇವೆಯಾ ನೋಡಿ. ಇದರ ತಿರುಪುಗಳ ಮರೆ (ಮೈಮೇಲಿನ ಸುರುಳಿ ಗೆರೆ) ನಮ್ಮ ಹಾರ್ಡ್‌ವೇರ್ ಅಂಗಡಿಯ ಅಳತೆಗೆ ಕೂರುವುದಿಲ್ಲ. ಒಂದು ಚಿಕ್ಕ ಸ್ಕ್ರೂ ಕಳೆದಿದ್ದರೂ ಅದಕ್ಕೆ ಇನ್ನೊಂದು ಹಳೆ ತೋಪಡವನ್ನೇ ಹುಡುಕಬೇಕಾಗುತ್ತದೆ. ಹಿಡಿ ಮುರಿದಿದ್ದರೆ ಚಿಂತೆಯಿಲ್ಲ, ಅದನ್ನು ಮಾಡಿಕೊಳ್ಳಬಹುದು. ಅಲಗು ಹೊಸದು ಸಿಗುತ್ತದೆ.

ಬಿಚ್ಚುವುದು

ಮೊದಲು ನಾಲ್ಕು ಕಡೆಯಿಂದ ಫೋಟೋ ತೆಗೆದುಕೊಳ್ಳಿ. ನೆನಪಿರುತ್ತದೆ ಅನ್ನಿಸುತ್ತದೆ, ಇರುವುದಿಲ್ಲ.

ಮೇಲಿನ ಲೀವರ್ ಕ್ಯಾಪಿನ ಮಡಚು ಎತ್ತಿದರೆ ಅದು ಕೈಗೆ ಬರುತ್ತದೆ. ಅದರಡಿ ಅಲಗು ಮತ್ತು ಕ್ಯಾಪ್ ಐರನ್ ಒಂದಕ್ಕೊಂದು ಸ್ಕ್ರೂನಿಂದ ಅಂಟಿಕೊಂಡಿರುತ್ತವೆ. ಅವೆರಡೂ ಒರಗಿಕೊಳ್ಳುವ ಇಳಿಜಾರು ತುಂಡಿನ ಹೆಸರು ಫ್ರಾಗ್. ಯಾಕೆ ಕಪ್ಪೆ ಎಂದರು ಅಂತ ಕೇಳಬೇಡಿ, ಪಕ್ಕದಿಂದ ನೋಡಿದರೆ ಕೂತ ಕಪ್ಪೆಯ ಹಾಗೆ ಕಾಣುತ್ತದೆ ಅಂದುಕೊಳ್ಳಿ. ಅದನ್ನು ಎರಡು ಸ್ಕ್ರೂ ಹಿಡಿದಿರುತ್ತವೆ. ಇವನ್ನು ಬಿಚ್ಚುವಾಗಲೇ ಜನ ಎಡವುವುದು. ಸಣ್ಣ ತಿರುಪುಳಿ ಹಾಕಿ ತಿರುಗಿಸಿದರೆ ಸ್ಕ್ರೂವಿನ ತಲೆಯ ಗೀರು ಹರಿದುಹೋಗುತ್ತದೆ. ಗೀರಿನ ಅಗಲಕ್ಕೆ ಸರಿಯಾಗಿ ತುಂಬಿ ಕೂರುವ ತಿರುಪುಳಿಯೇ ಬೇಕು.

ಜಗ್ಗದಿದ್ದರೆ ಸ್ಕ್ರೂ ಬುಡಕ್ಕೆ ತುಕ್ಕು ಬಿಡಿಸುವ ಎಣ್ಣೆ ಹಾಕಿ. ಡೀಸೆಲ್ ಆದರೂ ನಡೆಯುತ್ತದೆ. ರಾತ್ರಿಯಿಡೀ ಬಿಡಿ. ಬೆಳಿಗ್ಗೆ ತಿರುಪುಳಿಯನ್ನು ಗೀರಿಗೆ ಕೂರಿಸಿ, ಅದರ ತಲೆಗೆ ಸುತ್ತಿಗೆಯಿಂದ ಎರಡು ಸಣ್ಣ ಪೆಟ್ಟು ಕೊಡಿ. ಆಮೇಲೆ ಮೊದಲು ಕೂದಲಷ್ಟು ಬಿಗಿ ಮಾಡಿ, ನಂತರ ಸಡಿಲಿಸಿ. ಅಲಗನ್ನು ಏರಿಸಿ ಇಳಿಸುವ ಹಿಂಬದಿಯ ಹಿತ್ತಾಳೆ ಚಕ್ರ ಬಹಳಷ್ಟು ತೋಪಡಗಳಲ್ಲಿ ಉಲ್ಟಾ ಮರೆಯದ್ದು. ಮಾಮೂಲಿ ತಿರುಪಿನ ವಿರುದ್ಧ ದಿಕ್ಕಿಗೆ ತಿರುಗಿಸಿದರೆ ಬಿಚ್ಚುತ್ತದೆ. ಇದು ಗೊತ್ತಿಲ್ಲದೆ ಪಕ್ಕಡ್ ಹಾಕಿ ಚಕ್ರದ ಹಲ್ಲು ಕಿತ್ತವರಿದ್ದಾರೆ.

ತುಕ್ಕು ತೆಗೆಯುವುದು

ಎಲ್ಲದಕ್ಕಿಂತ ಇದೇ ಸುಲಭ. ಕಿರಾಣಿ ಅಂಗಡಿಯಲ್ಲಿ ನಿಂಬೆ ಉಪ್ಪು ಸಿಗುತ್ತದಲ್ಲ, ಸಿಟ್ರಿಕ್ ಆಸಿಡ್, ಅದು ಸಾಕು. ಮೊದಲು ಕಬ್ಬಿಣದ ಭಾಗಗಳನ್ನು ಸೋಪಿನ ನೀರಲ್ಲಿ ಬ್ರಷ್ ಹಾಕಿ ತಿಕ್ಕಿ, ಹಳೆ ಗ್ರೀಸಿನ ಜಿಡ್ಡು ತೆಗೆಯಿರಿ. ಜಿಡ್ಡು ಇದ್ದ ಕಡೆ ಹುಳಿ ಹತ್ತುವುದಿಲ್ಲ. ಆಮೇಲೆ ಪ್ಲಾಸ್ಟಿಕ್ ಟಬ್ಬಿನಲ್ಲಿ ಒಂದು ಲೀಟರ್ ಬೆಚ್ಚಗಿನ ನೀರಿಗೆ 50 ಗ್ರಾಂ ನಿಂಬೆ ಉಪ್ಪಿನ ಲೆಕ್ಕದಲ್ಲಿ ಕಲಸಿ, ಭಾಗಗಳು ಪೂರ್ತಿ ಮುಳುಗುವಂತೆ ಹಾಕಿ. ಅರ್ಧ ಮುಳುಗಿದರೆ ನೀರಿನ ಮಟ್ಟಕ್ಕೆ ಸರಿಯಾಗಿ ಒಂದು ಗೆರೆ ಬೀಳುತ್ತದೆ, ಅದು ಮತ್ತೆ ಹೋಗುವುದಿಲ್ಲ. ಮರದ ಹಿಡಿಯನ್ನೂ ಹಿತ್ತಾಳೆಯನ್ನೂ ಇದರಲ್ಲಿ ಹಾಕಬೇಡಿ. ಹಿತ್ತಾಳೆ ಜೊತೆಗಿದ್ದರೆ ಕಬ್ಬಿಣಕ್ಕೆ ತಾಮ್ರದ ಛಾಯೆ ಹತ್ತುವುದುಂಟು.

ಅರ್ಧ ಗಂಟೆಗೊಮ್ಮೆ ತೆಗೆದು ಹಿತ್ತಾಳೆ ಬ್ರಷ್ಷಿನಿಂದ ತಿಕ್ಕಿ ನೋಡಿ. ಎರಡರಿಂದ ನಾಲ್ಕು ಗಂಟೆಯಲ್ಲಿ ತುಕ್ಕು ಕಪ್ಪು ಮಸಿಯಾಗಿ ಬಿಟ್ಟುಕೊಳ್ಳುತ್ತದೆ. ಹುಳಿಗೆ ತುಕ್ಕು ಯಾವುದು, ಒಳ್ಳೆ ಕಬ್ಬಿಣ ಯಾವುದು ಅನ್ನುವ ಭೇದ ಇಲ್ಲ. ತುಕ್ಕು ಮುಗಿದ ಮೇಲೆ ಅದು ಕಬ್ಬಿಣವನ್ನೇ ತಿನ್ನುತ್ತದೆ. ನನ್ನ ಮೊದಲ ತೋಪಡದ ಅಲಗನ್ನು ವಿನೆಗರ್‌ನಲ್ಲಿ ಹಾಕಿ ಊರಿಗೆ ಹೋಗಿದ್ದೆ. ಮೂರು ದಿನ ಬಿಟ್ಟು ಬಂದು ನೋಡಿದರೆ ಉಕ್ಕಿನ ಮೈ ಉಪ್ಪುಕಾಗದದ ಹಾಗೆ ಒರಟಾಗಿತ್ತು.

ಹೊರಗೆ ತೆಗೆದ ಕೂಡಲೇ ಅಡಿಗೆ ಸೋಡಾ ಕಲಸಿದ ನೀರಲ್ಲಿ ಅದ್ದಿ, ಮತ್ತೆ ಒಳ್ಳೆ ನೀರಲ್ಲಿ ತೊಳೆದು, ಬಟ್ಟೆಯಲ್ಲಿ ಒರೆಸಿ, ಹೇರ್ ಡ್ರೈಯರ್‌ನಿಂದ ಬಿಸಿ ಮಾಡಿ. ನಿಧಾನ ಮಾಡಿದರೆ ಐದೇ ನಿಮಿಷದಲ್ಲಿ ಕಿತ್ತಳೆ ಬಣ್ಣದ ಹೊಸ ತುಕ್ಕು ಏಳುತ್ತದೆ. ಬಿಸಿ ಇರುವಾಗಲೇ ಹೊಲಿಗೆ ಮಿಷನ್ನಿನ ಎಣ್ಣೆ ಸವರಿ. ಕಬ್ಬಿಣ ಮಂಕು ಬೂದು ಬಣ್ಣದಲ್ಲಿ ಉಳಿಯುತ್ತದೆ. ಅದನ್ನು ಹಾಗೇ ಬಿಡಿ.

ತುಂಬಾ ದಪ್ಪ ತುಕ್ಕಿದ್ದರೆ ಕೆಲವರು ವಾಷಿಂಗ್ ಸೋಡಾ ನೀರು, ಬ್ಯಾಟರಿ ಚಾರ್ಜರ್ ಇಟ್ಟು ಕರೆಂಟಿನಿಂದ ತೆಗೆಯುತ್ತಾರೆ. ಮಾಡುವುದಾದರೆ ತೋಪಡಕ್ಕೆ ಮೈನಸ್ ವಯರ್, ಇನ್ನೊಂದು ತುದಿಗೆ ಬೇಡದ ಮಾಮೂಲಿ ಕಬ್ಬಿಣದ ತುಂಡು. ಸ್ಟೀಲ್ ಚಮಚ, ತಟ್ಟೆ ಕಟ್ಟಲೇಬೇಡಿ. ಸ್ಟೇನ್‌ಲೆಸ್ ಸ್ಟೀಲಿನಿಂದ ವಿಷದ ಕ್ರೋಮಿಯಂ ನೀರಿಗೆ ಬಿಡುತ್ತದೆ. ಹೈಡ್ರೋಜನ್ ಗ್ಯಾಸೂ ಏಳುವುದರಿಂದ ಬಯಲಲ್ಲೇ ಮಾಡಬೇಕು. ನನಗೆ ಇದುವರೆಗೆ ಇದರ ಅಗತ್ಯ ಬಿದ್ದಿಲ್ಲ.

ಹಿತ್ತಾಳೆ ಚಕ್ರಕ್ಕೆ ಏನು ಮಾಡಬೇಕು ಅಂತ ನಿಮ್ಮ ಮನೆಯಲ್ಲಿ ಯಾರನ್ನು ಕೇಳಿದರೂ ಹೇಳುತ್ತಾರೆ. ಹುಣಸೆಹಣ್ಣು, ಉಪ್ಪು. ದೇವರ ದೀಪ ಬೆಳಗುವ ಹಾಗೇ.

ಮೈಯ ಒಳಗಿನ ಕಪ್ಪು ಬಣ್ಣ ಅಲ್ಲಲ್ಲಿ ಎದ್ದಿದ್ದರೆ ಎದ್ದದ್ದನ್ನಷ್ಟೇ ಕೆರೆದು ತೆಗೆಯಿರಿ. ಯಾರೋ ನಡುವೆ ಬಳಿದ ಹಳೆ ಪೇಂಟ್ ಇದ್ದರೆ ಒಣಗಿದ್ದಾಗ ಉಜ್ಜಬೇಡಿ, ಹಳೆ ಪೇಂಟಿನಲ್ಲಿ ಸೀಸ ಇರಬಹುದು. ಒದ್ದೆ ಮಾಡಿಕೊಂಡು ಉಜ್ಜಿ.

ತಳ

ಗ್ರಾನೈಟ್ ಅಂಗಡಿಗೆ ಹೋಗಿ ಪಾಲಿಶ್ ಆದ ಒಂದು ಕಟಿಂಗ್ ತುಂಡು ಕೇಳಿ. ಒಂದೂವರೆ ಅಡಿ ಉದ್ದ, ಅರ್ಧ ಅಡಿ ಅಗಲ ಇದ್ದರೆ ಸಾಕು. ಕರ್ನಾಟಕದಲ್ಲಿ ಇದಕ್ಕೇನೂ ಬರವಿಲ್ಲ, ಅನೇಕ ಕಡೆ ಸುಮ್ನೆ ಕೊಡುತ್ತಾರೆ. ಅದರ ಮೇಲೆ 120ರ ಎಮರಿ ಕಾಗದ ಅಂಟಿಸಿ (ನಂಬರು ಏರಿದಷ್ಟೂ ಕಾಗದ ನಯ).

ಈಗ ತೋಪಡವನ್ನು ಪೂರ್ತಿ ಜೋಡಿಸಿ. ಅಲಗನ್ನು ಹಿಂದಕ್ಕೆ ಎಳೆದುಕೊಂಡಿರಬೇಕು, ಲೀವರ್ ಕ್ಯಾಪ್ ಮಾತ್ರ ಕೆಲಸದಲ್ಲಿರುವಷ್ಟೇ ಬಿಗಿಯಾಗಿರಬೇಕು. ಆ ಬಿಗಿತಕ್ಕೆ ತಳ ಕೂದಲೆಳೆಯಷ್ಟು ಬಾಗುತ್ತದೆ. ಬಿಚ್ಚಿಟ್ಟು ಸಮ ಮಾಡಿದರೆ ಜೋಡಿಸಿದ ಮೇಲೆ ಮತ್ತೆ ಸೊಟ್ಟ. ತಳಕ್ಕೆ ಮಾರ್ಕರ್ ಪೆನ್ನಿನಿಂದ ಅಡ್ಡಡ್ಡ ಗೆರೆ ಎಳೆದು, ಕಾಗದದ ಮೇಲೆ ಇಪ್ಪತ್ತು ಸಲ ಹಿಂದೆಮುಂದೆ ಎಳೆಯಿರಿ. ಮಗುಚಿ ನೋಡಿ. ಗೆರೆ ಅಳಿಸಿದ ಜಾಗ ಉಬ್ಬು, ಉಳಿದ ಜಾಗ ತಗ್ಗು.

ಎಲ್ಲ ಗೆರೆಯೂ ಅಳಿಸಬೇಕು ಅಂತ ಹಟ ಹಿಡಿಯಬೇಡಿ. ಮುಂದಿನ ತುದಿ, ಬಾಯಿಯ ಮುಂದಿನ ಅಂಚು, ಹಿಂದಿನ ತುದಿ ಈ ಮೂರೂ ಒಂದೇ ಮಟ್ಟದಲ್ಲಿ ಕಲ್ಲಿಗೆ ತಾಗಿದರೆ ತಳ ಸರಿಯಾಯಿತು. ನಡುವೆ ತಗ್ಗು ಉಳಿದರೆ ಉಳಿಯಲಿ. ಬಾಯಿಯ ಮುಂದೆ ಮಾತ್ರ ತಗ್ಗು ಇರಕೂಡದು. ಅಲಗು ಮರವನ್ನು ಎಬ್ಬಿಸುವ ಮುಂಚೆ ಆ ಅಂಚು ಅದನ್ನು ಒತ್ತಿ ಹಿಡಿಯಬೇಕು, ಇಲ್ಲದಿದ್ದರೆ ನಾರು ಸಿಬಿರೇಳುತ್ತದೆ. ನಾನು 220ಕ್ಕೆ ನಿಲ್ಲಿಸಿದೆ. ತುಕ್ಕು ತಿಂದ ಗುಳಿಗಳು ತಳದಲ್ಲಿ ಈಗಲೂ ಇವೆ, ಮರಕ್ಕೆ ಅದು ಗೊತ್ತಾಗುವುದಿಲ್ಲ.

ಅಲಗು

ಇಲ್ಲಿ ಅವಸರ ಮಾಡಿದರೆ ಮೇಲಿನದ್ದೆಲ್ಲ ದಂಡ.

ಅಲಗಿಗೆ ಎರಡು ಮುಖ. ಒಂದು ಓರೆ, ಇನ್ನೊಂದು ಚಪ್ಪಟೆ. ಅಂಚು ಅನ್ನುವುದು ಈ ಎರಡೂ ಸೇರುವ ಗೆರೆ. ಎಲ್ಲರೂ ಓರೆಯನ್ನೇ ಮಸೆಯುತ್ತಾರೆ, ಚಪ್ಪಟೆ ಮುಖವನ್ನು ಮರೆಯುತ್ತಾರೆ. ಚಪ್ಪಟೆ ಕಡೆ ತುಕ್ಕಿನ ಗುಳಿ ಇದ್ದರೆ ಅಂಚು ಗರಗಸದ ಹಲ್ಲಿನ ಹಾಗಾಗುತ್ತದೆ. ಒಳ್ಳೆಯ ಸಂಗತಿ ಏನೆಂದರೆ ಪೂರ್ತಿ ಮುಖ ಬೇಕಿಲ್ಲ, ಅಂಚಿನಿಂದ ಅರ್ಧ ಇಂಚು ಸಮವಾಗಿದ್ದರೆ ಸಾಕು.

ಗ್ರಾನೈಟಿನ ಮೇಲೆ 220ರ ವಾಟರ್ ಪೇಪರ್ ಇಟ್ಟು, ನೀರು ಚಿಮುಕಿಸಿ, ಚಪ್ಪಟೆ ಮುಖದ ತುದಿಯನ್ನು ಎರಡು ಬೆರಳಿಂದ ಒತ್ತಿ ಉಜ್ಜಿ. ಹಿಂದಿನ ತುದಿಯನ್ನು ಎತ್ತಬೇಡಿ. ಒಮ್ಮೆ ಎತ್ತಿದರೂ ಅಂಚು ಗುಂಡಗಾಗುತ್ತದೆ, ಮತ್ತೆ ಮೊದಲಿನಿಂದ ಶುರು. ಗೀರುಗಳೆಲ್ಲ ಒಂದೇ ದಿಕ್ಕಿಗೆ ಅಂಚಿನವರೆಗೂ ಬಂದ ಮೇಲೆ 400, 800, 1500 ಹೀಗೆ ಏರುತ್ತಾ ಹೋಗಿ. ನನ್ನ ಅಲಗಿಗೆ ಇದೊಂದಕ್ಕೇ ಒಂದು ಗಂಟೆ ಹಿಡಿಯಿತು. ಬೆರಳ ತುದಿ ಕಪ್ಪಾಗಿ, ಮಧ್ಯಾಹ್ನದ ಊಟಕ್ಕೆ ಕೂತಾಗ ಅನ್ನಕ್ಕೆ ಕಬ್ಬಿಣದ ವಾಸನೆ.

ಅಷ್ಟು ತಾಳ್ಮೆ ಇಲ್ಲದಿದ್ದರೆ ಒಂದು ಒಳದಾರಿ ಇದೆ. ಇಂಗ್ಲೆಂಡಿನ ಡೇವಿಡ್ ಚಾರ್ಲ್ಸ್‌ವರ್ತ್ ಅನ್ನುವ ಮರಗೆಲಸದ ಮೇಷ್ಟ್ರು ಹೇಳಿಕೊಟ್ಟು ಬಳಕೆಗೆ ಬಂದದ್ದು. ನಯವಾದ ಸಾಣೆಕಲ್ಲಿನ ಒಂದು ಬದಿಯ ಉದ್ದಕ್ಕೂ ಅರ್ಧ ಮಿಲಿಮೀಟರ್ ದಪ್ಪದ ಸ್ಟೀಲ್ ಸ್ಕೇಲ್ ಇಡಿ. ಅಲಗಿನ ಬೆನ್ನು (ಚಪ್ಪಟೆ ಮುಖ) ಸ್ಕೇಲಿನ ಮೇಲೆ, ಅಂಚು ಕಲ್ಲಿನ ಇನ್ನೊಂದು ಬದಿಯ ಮೇಲೆ. ಹತ್ತು ಹದಿನೈದು ಸಲ ಎಳೆದರೆ ಅಂಚಿಗೆ ತಾಗಿದ ಕೂದಲಗಲದ ಪಟ್ಟಿಯಷ್ಟೇ ನಯವಾಗುತ್ತದೆ, ಅಷ್ಟೇ ಬೇಕಾದದ್ದು. ತೋಪಡದ ಅಲಗಿಗೆ ಇದು ನಡೆಯುತ್ತದೆ. ಉಳಿಗೆ ಮಾಡಬೇಡಿ, ಉಳಿಯ ಬೆನ್ನು ಪೂರ್ತಿ ಚಪ್ಪಟೆಯಾಗೇ ಇರಬೇಕು.

ಇನ್ನು ಓರೆ. 25 ಡಿಗ್ರಿಗೆ ಸಾಣೆ ಹಿಡಿದು, ಅಂಚಿನ ತುದಿಯನ್ನಷ್ಟೇ 30 ಡಿಗ್ರಿಗೆ ಮಸೆಯುವುದು ವಾಡಿಕೆ. ಕೋನ ಅಳೆಯುವ ಸಾಧನ ಇಲ್ಲದಿದ್ದರೆ ಪರವಾಗಿಲ್ಲ. ಓರೆಯ ಉದ್ದ ಅಲಗಿನ ದಪ್ಪದ ಎರಡರಷ್ಟಿದ್ದರೆ ಅದು 30 ಡಿಗ್ರಿ. ಎರಡೂವರೆಗೆ ಸ್ವಲ್ಪ ಕಮ್ಮಿ ಇದ್ದರೆ 25. ಹಳೆ ಅಲಗು ಸುಮಾರು 2 ಮಿಲಿಮೀಟರ್ ದಪ್ಪ ಇರುತ್ತದೆ, ಹಾಗಾಗಿ ಓರೆ 4.7 ಮಿಲಿಮೀಟರ್ ಹತ್ತಿರ ಬಂದರೆ ಸರಿ. ಮಸೆಯುವಾಗ ಅಲಗನ್ನು ಒಂದೇ ಕೋನದಲ್ಲಿ ಹಿಡಿದಿಡುವ, ಬದಿಯಿಂದ ಬಿಗಿಯುವ, ಚಕ್ರ ಇರುವ ಅಗ್ಗದ ಹೋನಿಂಗ್ ಗೈಡ್ ಸಿಕ್ಕರೆ ತೆಗೆದುಕೊಳ್ಳಿ. ಅದರಿಂದ ಅಲಗು 50 ಮಿಲಿಮೀಟರ್ ಮುಂದೆ ಚಾಚಿದರೆ 25 ಡಿಗ್ರಿ, 38 ಚಾಚಿದರೆ 30.

ಅಂಚು ಚೂರು ಚೂರು ಮುರಿದಿದ್ದರೆ ಅಥವಾ ಸೊಟ್ಟಗಿದ್ದರೆ ಮೊದಲು ಗ್ರೈಂಡರ್ ಬೇಕಾಗುತ್ತದೆ. ಮೂಲೆಮಟ್ಟ ಇಟ್ಟು ಗೆರೆ ಹಾಕಿಕೊಂಡು ಅಲ್ಲಿಯವರೆಗೆ ತೆಗೆಯಬೇಕು. ಎರಡು ಸೆಕೆಂಡು ತಾಗಿಸಿ ನೀರಿಗೆ ಅದ್ದಿ, ಮತ್ತೆ ಎರಡು ಸೆಕೆಂಡು. ಅಂಚು ನೀಲಿಯಾಯಿತೆಂದರೆ ಉಕ್ಕಿನ ಹದ ಹೋಯಿತು ಅಂತ ಅರ್ಥ. ಆಮೇಲೆ ಎಷ್ಟು ಮಸೆದರೂ ಹರಿತ ನಿಲ್ಲುವುದಿಲ್ಲ, ನೀಲಿ ಇರುವಷ್ಟನ್ನೂ ತೆಗೆದೇ ಹಾಕಬೇಕು. ಒಮ್ಮೆ ಚಾಕು ಸಾಣೆ ಹಿಡಿಯುವವರ ಕೈಗೆ ಅಲಗು ಕೊಟ್ಟು ಟೀ ಕುಡಿಯಲು ಹೋಗಿದ್ದೆ. ಬರುವಷ್ಟರಲ್ಲಿ ತುದಿ ನವಿಲುಗರಿಯ ಬಣ್ಣಕ್ಕೆ ತಿರುಗಿತ್ತು. ಅವರದ್ದೇನೂ ತಪ್ಪಿಲ್ಲ, ಚಾಕುವಿನ ಹಾಗೆ ಹಿಡಿದಿದ್ದರು.

ಓರೆಯನ್ನು ಮಸೆಯುತ್ತಾ ಇದ್ದಂತೆ ಚಪ್ಪಟೆ ಕಡೆಯ ಅಂಚಿಗೆ ಒಂದು ಸಣ್ಣ ಗೊರಕು, ಅಂದರೆ ಮಡಚಿಕೊಂಡ ಉಕ್ಕಿನ ತೆಳು ಏಣು, ಏಳುತ್ತದೆ. ಬೆರಳನ್ನು ಬೆನ್ನಿನಿಂದ ಅಂಚಿನ ಆಚೆಗೆ ಎಳೆದರೆ ತಡೆದಂತಾಗುತ್ತದೆ. ಆ ಗೊರಕು ಈ ಮೂಲೆಯಿಂದ ಆ ಮೂಲೆವರೆಗೆ ಸಿಗುವ ತನಕ ಮುಂದಿನ ಕಾಗದಕ್ಕೆ ಹೋಗಬೇಡಿ. ನನ್ನ ಮೊದಲ ತೋಪಡ ಕೆರೆಯುತ್ತಿದ್ದುದು ಇದಕ್ಕೇ. ಮಸೆದದ್ದು ಅಂಚಿನವರೆಗೆ ಮುಟ್ಟಿರಲೇ ಇಲ್ಲ. ಕೊನೆಯಲ್ಲಿ ಎರಡು ಮೂಲೆಗಳನ್ನು ಒಂದೊಂದಾಗಿ ಸ್ವಲ್ಪ ಜಾಸ್ತಿ ಒತ್ತಿ ನಾಲ್ಕು ನಾಲ್ಕು ಸಲ ಎಳೆಯಿರಿ. ಮೂಲೆಗಳು ಕೂದಲಷ್ಟು ಹಿಂದೆ ಸರಿದರೆ ಹಲಗೆಯ ಮೇಲೆ ಗೀರು ಬೀಳುವುದಿಲ್ಲ. ಹಳೆ ಚರ್ಮದ ಬೆಲ್ಟಿನ ಒರಟು ಮುಖಕ್ಕೆ ಪಾಲಿಶಿಂಗ್ ಪೇಸ್ಟ್ ಸವರಿ, ಅಲಗನ್ನು ಹಿಂದಕ್ಕಷ್ಟೇ ಎಳೆದು ಗೊರಕು ಬೀಳಿಸಿ. ಮುಂಗೈ ಕೂದಲು ಬೋಳಿಸಿ ನೋಡುವ ಚಟ ನನಗೂ ಇದೆ. ಅದಕ್ಕಿಂತ ಒಳ್ಳೆ ಪರೀಕ್ಷೆ ಮೆದು ಮರದ ಅಡ್ಡ ಕಡಿತದ ಮುಖವನ್ನು ಅಲಗಿನಿಂದ ಹೆರೆಯುವುದು. ಪುಡಿಯಾಗದೆ ನಯವಾಗಿ ಎದ್ದರೆ ಹರಿತ ಬಂತು.

ಕ್ಯಾಪ್ ಐರನ್ನಿನ ತುದಿ ಅಲಗಿನ ಮೇಲೆ ಬೆಳಕು ತೂರದಂತೆ ಕೂರಬೇಕು. ಎರಡನ್ನೂ ಜೋಡಿಸಿ ಕಿಟಕಿಗೆ ಹಿಡಿದು ನೋಡಿ. ಸಂದು ಕಂಡರೆ ಸಿಪ್ಪೆ ಅಲ್ಲಿಗೆ ನುಗ್ಗಿ ಬಾಯಿ ಕಟ್ಟುತ್ತದೆ. ತುದಿಯ ಅಡಿಭಾಗವನ್ನು ಕಲ್ಲಿಗೆ ಇಟ್ಟು, ಹಿಂದಿನ ತುದಿಯನ್ನು ಕಲ್ಲಿನ ಮಟ್ಟಕ್ಕಿಂತ ಸ್ವಲ್ಪ ಕೆಳಗೆ ಹಿಡಿದು ಉಜ್ಜಿ. ಹಾಗೆ ಮಾಡಿದರೆ ಮುಂದಿನ ಅಂಚೇ ಮೊದಲು ತಾಗುತ್ತದೆ.

ಹಿಡಿ

ಹಳೆ ಸ್ಟ್ಯಾನ್ಲಿಗಳಿಗೆ ಬ್ರೆಜಿಲ್‌ನ ರೋಸ್‌ವುಡ್ ಹಿಡಿ ಇರುತ್ತಿತ್ತು, ನಮ್ಮ ಬೀಟೆಯ ದಾಯಾದಿ. ಮುರಿದದ್ದು ಹೊಸ ಮುರಿತವಾಗಿದ್ದರೆ ಎಪಾಕ್ಸಿ ಹಾಕಿ ಸೈಕಲ್ ಟ್ಯೂಬಿನ ಪಟ್ಟಿಯಿಂದ ಬಿಗಿದು ಒಂದು ದಿನ ಬಿಡಿ. ಕಳೆದೇ ಹೋಗಿದ್ದರೆ ಬೀಟೆ ಅಥವಾ ಹಲಸಿನ ತುಂಡಿನಲ್ಲಿ ಕೆತ್ತಿಕೊಳ್ಳಬಹುದು. ಅಗಸೆ ಎಣ್ಣೆ ಬಳಿದರೆ ಒರೆಸಿದ ಬಟ್ಟೆಯನ್ನು ಮುದುರಿ ಮೂಲೆಗೆ ಎಸೆಯಬೇಡಿ. ಅದು ತಾನಾಗೇ ಬಿಸಿಯಾಗಿ ಹೊತ್ತಿಕೊಳ್ಳಬಹುದು. ಹರಡಿ ಬಯಲಲ್ಲಿ ಒಣಗಿಸಿ.

ಜೋಡಿಸಿ ತಳ್ಳುವುದು

ಫ್ರಾಗ್ ಕೂರುವ ಜಾಗದಲ್ಲಿ ಕಸ, ಬಣ್ಣ ಇರಬಾರದು. ಫ್ರಾಗಿನ ಇಳಿಜಾರೂ ಬಾಯಿಯ ಹಿಂದಿನ ಅಂಚೂ ಒಂದೇ ಗೆರೆಗೆ ಬರುವಂತೆ ಇಟ್ಟು ಬಿಗಿ ಮಾಡಿ. ಕ್ಯಾಪ್ ಐರನ್ನನ್ನು ಅಲಗಿನ ಮೇಲೆ ಅಡ್ಡಲಾಗಿ ಇಟ್ಟು, ಹಿಂದಕ್ಕೆ ಸರಿಸಿ, ಆಮೇಲೆ ನೇರ ಮಾಡಿ. ಹರಿತ ಅಂಚಿನ ಮೇಲೆ ಎಳೆದಾಡಿದರೆ ಮಾಡಿದ್ದೆಲ್ಲ ಹೋಯಿತು. ಅದರ ತುದಿ ಅಂಚಿನಿಂದ 1 ಮಿಲಿಮೀಟರ್ ಹಿಂದೆ ಇರಲಿ. ಹಲಸಿನಂಥ ಎಳೆ ಹೆಣೆದುಕೊಂಡ ಮರಕ್ಕೆ ಇನ್ನೂ ಹತ್ತಿರ, 0.3 ಮಿಲಿಮೀಟರ್‌ವರೆಗೆ ತರಬಹುದು. ಅಲಗನ್ನು ಓರೆ ಕೆಳಗಾಗಿ ಕೂರಿಸಿ. ಹೊಸಬರು ಇದನ್ನು ಉಲ್ಟಾ ಹಾಕುವುದು ಮಾಮೂಲು. ಲೀವರ್ ಕ್ಯಾಪ್ ಹೆಬ್ಬೆರಳಿಗೆ ಮಣಿಯುವಷ್ಟು ಬಿಗಿ ಸಾಕು.

ಮೊದಲ ಪರೀಕ್ಷೆಗೆ ಸಿಲ್ವರ್ ಓಕ್ ತುಂಡು ಒಳ್ಳೆಯದು. ತೇಗದಲ್ಲಿ ಮರಳಿನ ಅಂಶ ಇರುವುದರಿಂದ ಹರಿತ ಬೇಗ ಸವೆಯುತ್ತದೆ. ತಳಕ್ಕೆ ಮೇಣದಬತ್ತಿಯಿಂದ ಎರಡು ಗೆರೆ ಎಳೆಯಿರಿ, ತಳ್ಳುವ ಕೈಗೆ ಅರ್ಧ ಭಾರ ಇಳಿದಂತಾಗುತ್ತದೆ. ಅಲಗು ಮರಕ್ಕೆ ತಾಗದಷ್ಟು ಒಳಗಿಟ್ಟು ಶುರು ಮಾಡಿ. ತಳ್ಳುತ್ತಾ ಹಿತ್ತಾಳೆ ಚಕ್ರವನ್ನು ಸ್ವಲ್ಪ ಸ್ವಲ್ಪವೇ ತಿರುಗಿಸಿ. ಅರ್ಧ ಸುತ್ತು ಸುಮ್ಮನೆ ತಿರುಗಿದರೆ ಕೆಟ್ಟಿದೆ ಅಂದುಕೊಳ್ಳಬೇಡಿ, ಹಳೆ ತೋಪಡಗಳಲ್ಲಿ ಅಷ್ಟು ಸಡಿಲ ಇದ್ದೇ ಇರುತ್ತದೆ. ಸಿಪ್ಪೆ ಒಂದೇ ಬದಿಯಿಂದ ಬಂದರೆ ಅಲಗಿನ ಹಿಂದಿನ ಅಡ್ಡ ಕಡ್ಡಿಯನ್ನು ದಪ್ಪ ಬರುತ್ತಿರುವ ಬದಿಗೆ ತಳ್ಳಿ. ಟರ್ರ್ ಎಂದು ಕುಣಿದರೆ ಫ್ರಾಗಿನ ಸ್ಕ್ರೂ ಸಡಿಲ ಇದೆ, ಇಲ್ಲವೇ ನೀವು ಆಸೆಪಟ್ಟು ಅಲಗನ್ನು ಜಾಸ್ತಿ ಇಳಿಸಿದ್ದೀರಿ. ಹಲಗೆ ಸಿಬಿರೆದ್ದರೆ ತಿರುಗಿಸಿ ಇನ್ನೊಂದು ದಿಕ್ಕಿನಿಂದ ತಳ್ಳಿ.

ನನ್ನದು ಭಾನುವಾರ ಸಂಜೆ ಐದಕ್ಕೆ ಮೊದಲ ಸುರುಳಿ ಬಿಟ್ಟಿತು. ಎರಡು ಇಂಚು ಅಗಲ, ಈರುಳ್ಳಿ ಸಿಪ್ಪೆಯಷ್ಟು ತೆಳು. ಬಡಗಿಯವರಿಗೆ ತೋರಿಸಿದೆ. ಮೈಮೇಲಿನ ಕಪ್ಪು ಕಲೆಗಳ ಬಗ್ಗೆ ಅವರು ಏನೂ ಅನ್ನಲಿಲ್ಲ. ಒಂದು ಬಾಗಿಲ ಪಟ್ಟಿ ಕೀಸಿ ಮುಗಿಸುವವರೆಗೆ ವಾಪಸ್ಸೂ ಕೊಡಲಿಲ್ಲ.

ಮಳೆಗಾಲದ ಬಗ್ಗೆ ಒಂದು ಮಾತು. ಕರಾವಳಿ, ಮಲೆನಾಡಿನವರಿಗೆ ಇದು ಜಾಸ್ತಿ ಅನ್ವಯ. ಕೆಲಸ ಮುಗಿದ ಮೇಲೆ ಬಾಯಲ್ಲಿ ಸಿಕ್ಕಿಕೊಂಡ ಸಿಪ್ಪೆಯನ್ನು ಬ್ರಷ್ಷಿನಿಂದ ಪೂರ್ತಿ ತೆಗೆಯಿರಿ, ಮರದ ಪುಡಿ ತೇವ ಹಿಡಿದಿಟ್ಟುಕೊಳ್ಳುತ್ತದೆ. ಎಣ್ಣೆ ಹತ್ತಿದ ಬಟ್ಟೆಯನ್ನು ಒಂದು ಡಬ್ಬಿಯಲ್ಲಿ ಮುಚ್ಚಿಟ್ಟುಕೊಂಡು ಪ್ರತಿ ಸಲ ಮೈ ಒರೆಸಿ. ಅಡಿಗೆ ಎಣ್ಣೆ ಬೇಡ, ಬಹಳಷ್ಟು ಅಡಿಗೆ ಎಣ್ಣೆಗಳು ಕಾಲಕ್ರಮೇಣ ಅಂಟಾಗುತ್ತವೆ. ಹೊಲಿಗೆ ಮಿಷನ್ ಎಣ್ಣೆಯೇ ಸಾಕು. ಇಡುವಾಗ ಅಲಗನ್ನು ಒಳಗೆ ಎಳೆದು, ಸಿಮೆಂಟು ನೆಲದ ಮೇಲಲ್ಲ, ಹಲಗೆಯ ಮೇಲೆ ಇಡಿ.